ಸೈಡು ಸಿಗದ ರಸ್ತೆಯಲ್ಲಿ ಓಟದ ಪೈಪೋಟಿ

2025ರ ಮೇ 24ರಂದು ಮೊನಾಕೊ ನಗರದ ಬೀದಿಗಳಲ್ಲಿ ನಡೆದ ಫಾರ್ಮುಲಾ-2 ಕಾರು ಓಟವೊಂದನ್ನು ಬೆಂಗಳೂರಿನ ಕುಶ್ ಮೈನಿ ಗೆದ್ದರು. ಜಗತ್ಪ್ರಸಿದ್ಧವಾದ ಫಾರ್ಮುಲಾ-1ಕ್ಕೆ ಒಂದೇ ಮೆಟ್ಟಿಲು ಕೆಳಗಿನ ಸ್ಪರ್ಧೆ ಇದು. ಮೊನಾಕೊದಲ್ಲಿ ಈ ದರ್ಜೆಯ ಓಟ ಗೆದ್ದ ಮೊದಲ ಭಾರತೀಯರು ಅವರು. ಆರಂಭದ ಗೆರೆಯಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದ ಮೈನಿ, ಓಟ ಮುಗಿಯುವವರೆಗೂ ಎಲ್ಲರಿಗಿಂತ ಮುಂದೆಯೇ ಇದ್ದರು. ಯಾರಿಗೂ ಅವರನ್ನು ಹಿಂದಿಕ್ಕಲು ಆಗಲಿಲ್ಲ.

ಈ ಗೆಲುವಿನಲ್ಲಿ ಗಮನಿಸಬೇಕಾದ ಎರಡು ಸಂಗತಿಗಳಿವೆ. ಅರ್ಹತಾ ಸುತ್ತಿನಲ್ಲಿ ಮೈನಿ ಗಳಿಸಿದ್ದು ಹತ್ತನೆಯ ಸ್ಥಾನ. ಫಾರ್ಮುಲಾ-2ರ ಕಿರು ಓಟಕ್ಕೆ ಒಂದು ವಿಶೇಷ ನಿಯಮವಿದೆ: ಅರ್ಹತಾ ಸುತ್ತಿನ ಮೊದಲ ಹತ್ತು ಮಂದಿಯ ಸಾಲನ್ನು ತಿರುಗಿಸಿ ನಿಲ್ಲಿಸುತ್ತಾರೆ. ಹತ್ತನೆಯವರು ಮೊದಲಿಗರಾಗುತ್ತಾರೆ, ಮೊದಲಿಗರು ಹತ್ತನೆಯವರಾಗುತ್ತಾರೆ. ವೇಗದವರು ಹಿಂದಿನಿಂದ ಬಂದು ಮುಂದಿನವರನ್ನು ದಾಟಲಿ, ನೋಡುವವರಿಗೆ ರಂಜನೆ ಸಿಗಲಿ ಎಂಬುದು ಅದರ ಉದ್ದೇಶ. ಎರಡನೆಯ ಸಂಗತಿ, ಹೀಗೆ ದಾಟಲು ನೆರವಾಗಲೆಂದು ಆ ಕಾರುಗಳ ಹಿಂಬದಿಯ ರೆಕ್ಕೆಯಲ್ಲಿ ತೆರೆದುಕೊಳ್ಳುವ ಪಟ್ಟಿಯೊಂದಿರುತ್ತದೆ. ಡಿಆರ್‌ಎಸ್ ಎಂದು ಅದರ ಹೆಸರು. ನಿಯಮವೂ ಇತ್ತು, ಯಂತ್ರವೂ ಇತ್ತು. ಆದರೂ ಮೊನಾಕೊದ ಗೋಡೆಗಳ ನಡುವೆ ತಪ್ಪಿಲ್ಲದೆ ಓಡಿಸಿದ ಒಬ್ಬ ಚಾಲಕನನ್ನು ಹಿಂದಿನವರು ದಾಟಲಾಗಲಿಲ್ಲ.

ಹಾಗಾದರೆ ಇಕ್ಕಟ್ಟಾದ ಬೀದಿಯ ಓಟಗಳಲ್ಲಿ ಇಂಥ ನೆರವುಗಳಿಗೆ ಅರ್ಥವಿದೆಯೇ? ಓಟದ ಅಭಿಮಾನಿಗಳು ಬಹುಕಾಲದಿಂದ ವಾದಿಸುತ್ತಿರುವ ಪ್ರಶ್ನೆ ಇದು. ಭಾರತದ ನಗರಗಳೂ ಬೀದಿ ಓಟಗಳನ್ನು ಏರ್ಪಡಿಸತೊಡಗಿರುವುದರಿಂದ ಇದು ನಮ್ಮ ಪ್ರಶ್ನೆಯೂ ಆಗಿದೆ. ಉತ್ತರ ಹುಡುಕಲು ಮೊನಾಕೊಗಿಂತ ಮೊದಲು ನಮ್ಮ ಮಲೆನಾಡಿನ ರಸ್ತೆಗಳನ್ನು ನೋಡುವುದು ಒಳ್ಳೆಯದು.

ಬೀದಿಯ ನೀತಿ, ಓಟದ ನೀತಿ

ಕಮ್ಮರಡಿಯಿಂದ ಕೊಪ್ಪದ ಕಡೆಗಾಗಲಿ, ಶೃಂಗೇರಿಯ ಕಡೆಗಾಗಲಿ ಹೊರಟವರಿಗೆ ಈ ಅನುಭವ ಹೊಸದಲ್ಲ. ಒಂದು ಬದಿಗೆ ಧರೆ, ಇನ್ನೊಂದು ಬದಿಗೆ ಇಳಿಜಾರು, ಕೆಳಗೆ ಅಡಿಕೆ ತೋಟ. ಮುಂದೆ ಒಂದು ನಾಟಾ ಲಾರಿ ತೆವಳುತ್ತಿದ್ದರೆ ಹಿಂದಿನ ಬಸ್ಸಿನ ಎಂಜಿನ್ ಎಷ್ಟೇ ಬಲವಾಗಿದ್ದರೂ ಪ್ರಯೋಜನವಿಲ್ಲ. ಲಾರಿಯವನು ಕೊಂಚ ಅಗಲವಾದ ಕಡೆ ಎಡಕ್ಕೆ ಸರಿದು ಕೈ ತೋರಿಸಬೇಕು. ಅದಕ್ಕೆ ನಾವು ‘ಸೈಡು ಕೊಡುವುದು’ ಎನ್ನುತ್ತೇವೆ. ಈ ಮಾತಿನಲ್ಲೇ ಒಂದು ತಿಳಿವಳಿಕೆ ಅಡಗಿದೆ. ಕಿರಿದಾದ ರಸ್ತೆಯಲ್ಲಿ ಮುಂದೆ ಹೋಗುವುದು ಹಿಂದಿನವನ ಬಲದಿಂದ ಆಗುವಂಥದ್ದಲ್ಲ, ಮುಂದಿನವನು ಕೊಟ್ಟರೆ ಆಗುವಂಥದ್ದು.

ಕಾನೂನು ಹೇಳುವುದೂ ಇದನ್ನೇ. 1989ರ ರಸ್ತೆ ನಿಯಮಾವಳಿಯಲ್ಲಿ ಎರಡು ಮಾತುಗಳಿದ್ದವು. ಹಿಂದಿನ ವಾಹನ ದಾಟುತ್ತಿರುವಾಗ ಮುಂದಿನವನು ವೇಗ ಹೆಚ್ಚಿಸಬಾರದು, ಅಡ್ಡಿ ಮಾಡಬಾರದು ಎಂಬುದು ಒಂದು. ಎರಡು ವಾಹನಗಳಿಗೆ ಸಾಲುವಷ್ಟು ಅಗಲವಿಲ್ಲದ ಘಟ್ಟದ ರಸ್ತೆಯಲ್ಲಿ ಇಳಿದು ಬರುವ ವಾಹನವು ಏರಿ ಬರುವ ವಾಹನಕ್ಕೆ ದಾರಿ ಬಿಡಬೇಕು ಎಂಬುದು ಇನ್ನೊಂದು. ಏರುವವನು ಒಮ್ಮೆ ನಿಂತರೆ ಮತ್ತೆ ಹೊರಡುವುದು ಕಷ್ಟ. ಆದ್ದರಿಂದ ಅವನಿಗೆ ಮೊದಲ ಹಕ್ಕು. ಈ ನಿಯಮ ಚಾಲಕನ ಅಂತಸ್ತನ್ನಾಗಲಿ ಎಂಜಿನ್‌ನ ಶಕ್ತಿಯನ್ನಾಗಲಿ ಕೇಳುವುದಿಲ್ಲ.

ಓಟದ ನೀತಿ ಇದಕ್ಕೆ ತದ್ವಿರುದ್ಧ. ಅಲ್ಲಿ ಮುಂದಿರುವವನ ಕರ್ತವ್ಯವೇ ಸೈಡು ಕೊಡದಿರುವುದು. ಹೀಗಾಗಿ ಕಿರಿದಾದ ರಸ್ತೆಯನ್ನು ತಂದು ಅದರ ಮೇಲೆ ಓಟ ಏರ್ಪಡಿಸಿದ ಕೂಡಲೇ ಒಂದು ತೊಡಕು ಹುಟ್ಟಿಕೊಳ್ಳುತ್ತದೆ. ದಾರಿ ಕೊಡುವವರಿಲ್ಲ, ದಾರಿ ಮಾಡಿಕೊಳ್ಳಲು ಜಾಗವಿಲ್ಲ. ಮೋಟಾರು ಓಟದ ಇತಿಹಾಸದ ಒಂದು ದೊಡ್ಡ ಭಾಗ ಈ ತೊಡಕನ್ನು ಬಿಡಿಸಲು ಮಾಡಿದ ಪ್ರಯತ್ನಗಳ ಇತಿಹಾಸ.

ಗಡಿಯಾರದ ಉಪಾಯ

ಮೋಟಾರು ಓಟಗಳು ಹುಟ್ಟಿದ್ದು ಫ್ರಾನ್ಸಿನಲ್ಲಿ, ಊರಿನಿಂದ ಊರಿಗೆ ಹೋಗುವ ಸಾರ್ವಜನಿಕ ರಸ್ತೆಗಳ ಮೇಲೆ. ಮಣ್ಣಿನ ರಸ್ತೆಯಲ್ಲಿ ಎಲ್ಲ ಕಾರುಗಳನ್ನೂ ಒಟ್ಟಿಗೆ ಬಿಡುವುದು ಅಸಾಧ್ಯವೆಂದು ಆಗಿನವರಿಗೆ ತಿಳಿದಿತ್ತು. ಅದಕ್ಕೆ ಅವರು ಕಂಡುಕೊಂಡ ಉಪಾಯ ಸರಳವಾಗಿತ್ತು. ಒಂದೊಂದೇ ಕಾರನ್ನು ಸಮಯದ ಅಂತರದಲ್ಲಿ ಬಿಡುವುದು, ಯಾರು ಎಷ್ಟು ಹೊತ್ತು ತೆಗೆದುಕೊಂಡರೆಂದು ಗಡಿಯಾರದಿಂದ ಲೆಕ್ಕ ಹಾಕುವುದು. ಮುಂದಿನವನನ್ನು ದಾಟದೆಯೂ ಗೆಲ್ಲಬಹುದು.

ಕಾಗದದ ಮೇಲೆ ಇದು ಚೆನ್ನಾಗಿತ್ತು. ಆದರೆ 1903ರ ಮೇ 24ರಂದು ಆರಂಭವಾದ ಪ್ಯಾರಿಸ್-ಮ್ಯಾಡ್ರಿಡ್ ಓಟ ಇದರ ಮಿತಿಯನ್ನು ತೋರಿಸಿಕೊಟ್ಟಿತು. ವರ್ಸೇಲ್ಸ್‌ನಿಂದ ಬೆಳಗಾಗುವ ಮೊದಲೇ ಇನ್ನೂರಕ್ಕೂ ಹೆಚ್ಚು ವಾಹನಗಳು ಒಂದರ ಹಿಂದೊಂದು ಹೊರಟವು. ಕಾರುಗಳು ಎಬ್ಬಿಸಿದ ದೂಳು ರಸ್ತೆಯ ಮೇಲೆ ಮೋಡದಂತೆ ನಿಂತಿತು. ವೇಗದ ಕಾರುಗಳು ತಮಗಿಂತ ಮೊದಲು ಹೊರಟವರನ್ನು ಆ ದೂಳಿನಲ್ಲೇ ದಾಟಬೇಕಾಯಿತು. ರೆನೊ ಕಾರು ಕಂಪೆನಿಯ ಸ್ಥಾಪಕ ಸೋದರರಲ್ಲಿ ಒಬ್ಬರಾದ ಮಾರ್ಸೆಲ್ ರೆನೊ ಹಾಗೆ ಮುಂದಿನ ಕಾರನ್ನು ದಾಟಲು ಹೋಗಿ ಅಪಘಾತಕ್ಕೀಡಾದರು, ಎರಡು ದಿನಗಳ ಬಳಿಕ ತೀರಿಕೊಂಡರು. ಚಾಲಕರು, ಸಹಾಯಕರು, ನೋಡಲು ನಿಂತಿದ್ದವರು ಸೇರಿ ಹಲವರು ಸತ್ತರು. ಸರ್ಕಾರ ಓಟವನ್ನು ಬೋರ್ಡೊ ನಗರದಲ್ಲೇ ನಿಲ್ಲಿಸಿತು. ಅಲ್ಲಿಯವರೆಗಿನ ದಾರಿಯಲ್ಲಿ ಅತಿ ವೇಗವಾಗಿ ಬಂದ ಫರ್ನಾಂಡ್ ಗ್ಯಾಬ್ರಿಯಲ್ ಅವರ ಸರಾಸರಿ ವೇಗ ಗಂಟೆಗೆ ಸುಮಾರು 105 ಕಿಲೋಮೀಟರ್. ಊರಿಂದೂರಿಗೆ ಓಡುವ ದೊಡ್ಡ ಓಟಗಳ ಕಾಲ ಅಲ್ಲಿಗೆ ಮುಗಿಯಿತು.

ಆದರೆ ಗಡಿಯಾರದ ಉಪಾಯ ಮುಗಿಯಲಿಲ್ಲ. ಅದು ರ‍್ಯಾಲಿಯ ರೂಪದಲ್ಲಿ ಉಳಿದುಕೊಂಡಿತು. ಚಿಕ್ಕಮಗಳೂರು ಜಿಲ್ಲೆಯ ಕಾಫಿ ತೋಟಗಳ ರಸ್ತೆಗಳಿಗೂ ಬಂತು. ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಷಿಪ್‌ನ ಸುತ್ತುಗಳು ಅಲ್ಲಿ ನಡೆದಿವೆ. 2016 ಮತ್ತು 2017ರಲ್ಲಿ ಏಷ್ಯಾ-ಪೆಸಿಫಿಕ್ ಚಾಂಪಿಯನ್‌ಷಿಪ್‌ನ ಭಾರತದ ಸುತ್ತು ನಡೆದದ್ದೂ ಚಿಕ್ಕಮಗಳೂರಿನಲ್ಲೇ. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ‘ಕೆ-1000’ ರ‍್ಯಾಲಿಯ ಹೆಸರನ್ನು ರಾಜ್ಯದ ಓಟಪ್ರಿಯರು ಬಲ್ಲರು. ರ‍್ಯಾಲಿಯಲ್ಲಿ ಚಾಲಕನ ಪಕ್ಕದಲ್ಲಿ ಸಹಚಾಲಕ ಕುಳಿತು, ಮುಂದಿನ ತಿರುವು ಎಷ್ಟು ಕಡಿದು, ದಿಣ್ಣೆಯ ಆಚೆ ರಸ್ತೆ ಯಾವ ಕಡೆಗೆ ಹೊರಳುತ್ತದೆ ಎಂಬುದನ್ನು ಮೊದಲೇ ಬರೆದಿಟ್ಟ ಟಿಪ್ಪಣಿಯಿಂದ ಓದುತ್ತಾ ಹೋಗುತ್ತಾನೆ. ಈ ಕೆಲಸದಲ್ಲಿ ದೇಶದಲ್ಲೇ ಹೆಸರಾದವರು ಕಾಸರಗೋಡಿನ ಮೂಸಾ ಷರೀಫ್.

ಇಲ್ಲಿ ಕಾರುಗಳು ಒಂದು ಅಥವಾ ಎರಡು ನಿಮಿಷಗಳ ಅಂತರದಲ್ಲಿ ಹೊರಡುತ್ತವೆ. ತೋಟದ ಮರಗಳ ನಡುವೆ ಗಾಳಿಯಾಡದೆ ದೂಳು ನಿಂತುಬಿಟ್ಟರೆ ಅಂತರವನ್ನು ಹೆಚ್ಚಿಸುತ್ತಾರೆ. ಹಿಂದಿನ ಕಾರು ಬಂದು ಮುಟ್ಟಿದರೆ ನಿಧಾನದವನು ಸರಿದು ದಾರಿ ಬಿಡಬೇಕು. ಸರಿದವನಿಗೆ ಸೋತ ನೋವಿಲ್ಲ, ಏಕೆಂದರೆ ಅವನ ಪೈಪೋಟಿ ಗಡಿಯಾರದ ಜೊತೆಗೆ. 1903ರ ಪಾಠವನ್ನು ರ‍್ಯಾಲಿ ಹೀಗೆ ಅರಗಿಸಿಕೊಂಡಿದೆ.

ಮರುಭೂಮಿಯ ಡಕಾರ್ ರ‍್ಯಾಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ 36ನೆಯವರಾಗಿ ಮುಗಿಸಿ, ಆ ಓಟವನ್ನು ಪೂರೈಸಿದ ಮೊದಲ ಭಾರತೀಯ ಎನಿಸಿದರು. ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ 37ನೆಯ ಸ್ಥಾನದಲ್ಲಿ ಮುಗಿಸಿದರು. ಮುಂದೆ ಟಿವಿಯ ‘ಬಿಗ್ ಬಾಸ್’ ಮೂಲಕ ಮನೆಮನೆಗೆ ಪರಿಚಿತರಾದವರೂ ಇವರೇ. ಡಕಾರ್‌ನಲ್ಲಿ ‘ಸೆಂಟಿನೆಲ್’ ಎಂಬ ಸಾಧನ ಬಳಕೆಯಲ್ಲಿದೆ. ಹಿಂದಿನವನು ಗುಂಡಿ ಒತ್ತಿದರೆ ಮುಂದಿನ ವಾಹನದೊಳಗೆ ಎಚ್ಚರಿಕೆಯ ಸದ್ದು ಕೇಳಿಸುತ್ತದೆ. ದೂಳಿನಲ್ಲಿ ಕಣ್ಣಿಗೆ ಕಾಣದವನು ಕಿವಿಗೆ ಕೇಳಿಸುತ್ತಾನೆ. ನಮ್ಮ ಲಾರಿಗಳ ಹಿಂಬದಿಯಲ್ಲಿ ‘ಸೌಂಡ್ ಹಾರನ್’ ಎಂದು ಬರೆದಿರುತ್ತದಲ್ಲ, ಅದರ ಮರುಭೂಮಿಯ ಅವತಾರ ಇದು. ಓವರ್‌ಟೇಕ್ ಮಾಡಲು ಇದೂ ಒಂದು ನೆರವೇ. ಆದರೆ ಇದು ಹಿಂದಿನವನ ಎಂಜಿನ್‌ಗೆ ಒಂದು ಕುದುರೆಯ ಬಲವನ್ನೂ ಸೇರಿಸುವುದಿಲ್ಲ. ದಾರಿ ಕೇಳುತ್ತದೆ, ಅಷ್ಟೆ.

ಇಬ್ಬರಿಗೆ ಎರಡು ದಾರಿ

ಘಟ್ಟದ ಕೆಳಗಿನ ಕರಾವಳಿಯವರು ಇದೇ ತೊಡಕಿಗೆ ಬೇರೊಂದು ಪರಿಹಾರ ಕಂಡುಕೊಂಡರು. ಕಂಬಳದ ಕೆಸರುಗದ್ದೆಯಲ್ಲಿ ಒಂದು ಜೋಡಿ ಕೋಣ ಇನ್ನೊಂದನ್ನು ದಾಟಿ ಹೋಗುವುದು ಸಾಧ್ಯವೇ? ಓಡಿಸುವವನ ಪ್ರಾಣಕ್ಕೂ ಕೋಣಗಳ ಪ್ರಾಣಕ್ಕೂ ಅಪಾಯ. ಹಳೆಯ ಕಂಬಳಗಳಲ್ಲಿ ಒಂದೇ ಕರೆಯಲ್ಲಿ ಜೋಡಿಗಳು ಒಂದಾದ ಮೇಲೊಂದು ಓಡುತ್ತಿದ್ದವು. ಆಮೇಲೆ ಜೋಡುಕರೆ ಬಂತು. ಪಕ್ಕಪಕ್ಕದಲ್ಲಿ ಎರಡು ಕರೆ, ಒಂದೊಂದರಲ್ಲಿ ಒಂದೊಂದು ಜೋಡಿ. ಮಿಯಾರಿನದು ಲವ-ಕುಶ, ಉಪ್ಪಿನಂಗಡಿಯದು ವಿಜಯ-ವಿಕ್ರಮ, ಮಂಗಳೂರಿನದು ರಾಮ-ಲಕ್ಷ್ಮಣ ಎಂದು ಜೋಡುಕರೆಗಳಿಗೆ ಜೋಡಿ ಹೆಸರು ಇಟ್ಟಿರುವುದೂ ಅರ್ಥಪೂರ್ಣವಾಗಿದೆ. ಕನೆಹಲಗೆ ವಿಭಾಗದಲ್ಲಂತೂ ಯಾರು ಮುಂದೆ ಎಂಬ ಪ್ರಶ್ನೆಯೇ ಇಲ್ಲ. ನೀರು ಎಷ್ಟು ಎತ್ತರಕ್ಕೆ ಚಿಮ್ಮಿತು ಎಂಬುದೇ ಅಲ್ಲಿ ಅಳತೆ.

ಮೋಟಾರು ಓಟಕ್ಕೆ ಹೀಗೆ ದಾರಿಯನ್ನು ಒಡೆದು ಕೊಡಲಾಗದು. ಆದರೆ ದಾರಿಯನ್ನು ಅಗಲ ಮಾಡಬಹುದು. 1907ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಓಟಕ್ಕೆಂದೇ 30 ಮೀಟರ್ ಅಗಲದ ಕಾಂಕ್ರೀಟ್ ಪಥ ಕಟ್ಟಿದರು. ಮದ್ರಾಸಿನ ಬಳಿಯ ಶೋಳಾವರಂನಲ್ಲಿ ಎರಡನೆಯ ಮಹಾಯುದ್ಧ ಕಾಲದ ವಿಮಾನದ ಓಡುದಾರಿಯೇ ದಶಕಗಳ ಕಾಲ ಓಟದ ಕಣವಾಗಿತ್ತು. ಜಾಗವಿದ್ದಲ್ಲಿ ಓವರ್‌ಟೇಕ್ ತಾನಾಗಿಯೇ ಬರುತ್ತದೆ, ನೆರವಿನ ಮಾತೇ ಏಳುವುದಿಲ್ಲ.

ಮೊನಾಕೊದ ಹಟ

ಮೊನಾಕೊ ಮಾತ್ರ ಹಟ ಹಿಡಿದು ಬೀದಿಯಲ್ಲೇ ಉಳಿಯಿತು. ಆಂಟನಿ ನೋಘೆಸ್ ಅವರ ಪ್ರಯತ್ನದಿಂದ 1929ರ ಏಪ್ರಿಲ್ 14ರಂದು ಅಲ್ಲಿ ಮೊದಲ ಓಟ ನಡೆಯಿತು. ಬುಗಾಟಿ ಕಾರಿನಲ್ಲಿ ವಿಲಿಯಂ ಗ್ರೋವರ್-ವಿಲಿಯಮ್ಸ್ ಗೆದ್ದರು. ಆರಂಭದ ಸಾಲಿನಲ್ಲಿ ಯಾರು ಎಲ್ಲಿ ನಿಲ್ಲಬೇಕು ಎಂಬುದನ್ನು ಅಂದು ಚೀಟಿ ಎತ್ತಿ ತೀರ್ಮಾನಿಸಿದ್ದರು. ಇಂಥ ಬೀದಿಯಲ್ಲಿ ಚೀಟಿಯ ಅದೃಷ್ಟವೇ ಫಲಿತಾಂಶವಾಗಬಹುದಲ್ಲವೇ? 1933ರಲ್ಲಿ ಮೊನಾಕೊ ಆ ಪದ್ಧತಿಯನ್ನು ಬಿಟ್ಟಿತು. ಅಭ್ಯಾಸದಲ್ಲಿ ವೇಗವಾಗಿ ಓಡಿಸಿದವರಿಗೆ ಮುಂದಿನ ಸ್ಥಾನ ಎಂಬ ನಿಯಮವನ್ನು ಗ್ರ್ಯಾನ್ ಪ್ರಿ ಓಟಗಳಲ್ಲಿ ಮೊದಲು ತಂದದ್ದು ಅಲ್ಲೇ. ದಾಟುವುದು ಕಷ್ಟವೆಂದು ಒಪ್ಪಿಕೊಂಡು, ಗಡಿಯಾರದ ಪರೀಕ್ಷೆಯನ್ನು ಓಟಕ್ಕಿಂತ ಮೊದಲೇ ನಡೆಸಿಬಿಡುವ ಉಪಾಯ ಇದು. ಇಂದು ಎಲ್ಲ ಕಡೆ ಇದೇ ರೂಢಿ.

ಮೊನಾಕೊದ ಒಂದು ಸುತ್ತು 3.337 ಕಿಲೋಮೀಟರ್. ಫಾರ್ಮುಲಾ-1 ಓಟಕ್ಕೆ ಅಂಥ 78 ಸುತ್ತುಗಳು. ಇಲ್ಲಿ ಮುಂದಿರುವವನನ್ನು ದಾಟುವುದು ಎಷ್ಟು ಕಷ್ಟ ಎಂಬುದಕ್ಕೆ ಎರಡು ನಿದರ್ಶನ ಸಾಕು.

1992ರಲ್ಲಿ ಬ್ರಿಟನ್ನಿನ ನೈಜೆಲ್ ಮ್ಯಾನ್ಸೆಲ್ ಆ ವರ್ಷದ ಮೊದಲ ಐದು ಓಟಗಳನ್ನೂ ಗೆದ್ದು ಮೊನಾಕೊಗೆ ಬಂದಿದ್ದರು. ಓಟ ಮುಗಿಯಲು ಏಳೆಂಟು ಸುತ್ತುಗಳಿರುವಾಗ ಚಕ್ರದ ತೊಂದರೆಯೆಂದು ಅವರು ಟೈರು ಬದಲಿಸಲು ನಿಲ್ಲಬೇಕಾಯಿತು. ಬ್ರೆಜಿಲ್‌ನ ಅಯರ್ಟನ್ ಸೆನ್ನಾ ಮುಂದೆ ಹೋದರು. ಹೊಸ ಟೈರು, ಹೆಚ್ಚು ವೇಗದ ಕಾರು ಎರಡೂ ಮ್ಯಾನ್ಸೆಲ್ ಅವರ ಬಳಿ ಇದ್ದವು. ಕ್ಷಣಮಾತ್ರದಲ್ಲಿ ಸೆನ್ನಾರ ಬೆನ್ನಿಗೆ ಬಂದು ಎಡಕ್ಕೆ ನುಗ್ಗಿದರು, ಬಲಕ್ಕೆ ನುಗ್ಗಿದರು. ಸೆನ್ನಾ ಜಾಗ ಬಿಡಲಿಲ್ಲ. ಕೊನೆಗೆ ಅಂತರ 0.215 ಸೆಕೆಂಡ್. ಒಂದೇ ಒಂದು ಓವರ್‌ಟೇಕ್ ಕೂಡ ನಡೆಯದ ಆ ಕೊನೆಯ ಸುತ್ತುಗಳನ್ನು ಓಟಪ್ರಿಯರು ಇಂದಿಗೂ ಮರೆತಿಲ್ಲ.

2018ರಲ್ಲಿ ಆಸ್ಟ್ರೇಲಿಯಾದ ಡೇನಿಯಲ್ ರಿಕಾರ್ಡೊ ಮುಂದಿದ್ದಾಗ ಅವರ ಕಾರಿನ ವಿದ್ಯುತ್ ಶಕ್ತಿಯ ಘಟಕ ಕೈಕೊಟ್ಟಿತು. ಸುಮಾರು 160 ಅಶ್ವಶಕ್ತಿ, ಅಂದರೆ ಎಂಜಿನ್ ಬಲದ ಕಾಲುಭಾಗದಷ್ಟು, ಇಲ್ಲವಾಯಿತು. ಓಟದ ಅರ್ಧಕ್ಕಿಂತ ಹೆಚ್ಚು ಭಾಗ ಇನ್ನೂ ಉಳಿದಿತ್ತು. ಹಿಂದೆ ಫೆರಾರಿಯ ಸೆಬಾಸ್ಟಿಯನ್ ವೆಟ್ಟಲ್ ಇದ್ದರು. ಅವರ ಕಾರಿನಲ್ಲಿ ಡಿಆರ್‌ಎಸ್ ಕೂಡ ಇತ್ತು. ಆದರೂ ರಿಕಾರ್ಡೊ ಗೆದ್ದರು.

ಈ ಎರಡನೆಯ ನಿದರ್ಶನ ನಮ್ಮ ಪ್ರಶ್ನೆಗೆ ಬಹಳ ಮುಖ್ಯ. ಮುಂದಿನವನ ಕಾಲುಭಾಗ ಬಲ ಕುಂದಿದಾಗಲೂ ಹಿಂದಿನವನಿಗೆ ದಾಟಲಾಗದಿದ್ದರೆ, ಹಿಂದಿನವನಿಗೆ ಇನ್ನಷ್ಟು ಬಲ ಕೊಟ್ಟು ಆಗುವ ಲಾಭವೇನು? ಅಲ್ಲಿ ಕೊರತೆ ಇರುವುದು ಜಾಗಕ್ಕೆ, ಬಲಕ್ಕಲ್ಲ.

ಗುಂಡಿ ಒತ್ತಿದರೆ ಬಲ

ಬಲ ಕೊಡುವ ನೆರವುಗಳು ಬಂದದ್ದಕ್ಕೆ ಕಾರಣವಿಲ್ಲದೆ ಇಲ್ಲ. ಇಂದಿನ ಓಟದ ಕಾರುಗಳ ಮುಂದೆ ಹಿಂದೆ ತಲೆಕೆಳಗಾದ ರೆಕ್ಕೆಗಳಿರುತ್ತವೆ. ವಿಮಾನದ ರೆಕ್ಕೆ ಅದನ್ನು ಮೇಲೆತ್ತಿದರೆ, ಇವು ಗಾಳಿಯ ಒತ್ತಡದಿಂದ ಕಾರನ್ನು ನೆಲಕ್ಕೆ ಅದುಮುತ್ತವೆ. ಅದರಿಂದಲೇ ತಿರುವಿನಲ್ಲಿ ಹಿಡಿತ. ಆದರೆ ಮುಂದಿನ ಕಾರು ಗಾಳಿಯನ್ನು ಕಲಕಿ ಹಿಂದಕ್ಕೆ ಬಿಡುತ್ತದೆ. ಆ ಕಲಕಿದ ಗಾಳಿಯಲ್ಲಿ ಹಿಂದಿನ ಕಾರಿನ ರೆಕ್ಕೆಗಳಿಗೆ ಹಿಡಿತ ಸಿಗುವುದಿಲ್ಲ, ಟೈರು ಬೇಗ ಸವೆಯುತ್ತದೆ. ಹೀಗೆ ವೇಗದ ಚಾಲಕನೂ ನಿಧಾನದವನ ಹಿಂದೆ ಸಿಕ್ಕಿಬೀಳುತ್ತಾನೆ. ಇದು ಅನ್ಯಾಯವಲ್ಲವೇ, ಕಳೆದುಕೊಂಡದ್ದನ್ನು ಅವನಿಗೆ ಹಿಂದಿರುಗಿಸಬೇಡವೇ ಎಂಬುದು ನೆರವಿನ ಪರವಾದ ವಾದ. ಇದರಲ್ಲಿ ಹುರುಳಿದೆ.

2009ರಲ್ಲಿ ಕೆಇಆರ್‌ಎಸ್ ಬಂತು. ಬ್ರೇಕ್ ಹಾಕಿದಾಗ ವ್ಯರ್ಥವಾಗುವ ಶಕ್ತಿಯನ್ನು ಕೂಡಿಟ್ಟು, ಬೇಕಾದಾಗ ಗುಂಡಿ ಒತ್ತಿ ಬಳಸುವ ವ್ಯವಸ್ಥೆ. ಒಂದು ಸುತ್ತಿನಲ್ಲಿ ಸುಮಾರು ಆರೂವರೆ ಸೆಕೆಂಡ್ ಕಾಲ 80 ಅಶ್ವಶಕ್ತಿ ಹೆಚ್ಚುವರಿಯಾಗಿ ಸಿಗುತ್ತಿತ್ತು. ಅದನ್ನು ಅಳವಡಿಸಲೇಬೇಕೆಂಬ ಕಡ್ಡಾಯವಿರಲಿಲ್ಲ.

ಅದರ ಬಿಸಿ ತಟ್ಟಿದ್ದು ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಸಹಮಾಲೀಕರಾಗಿದ್ದ ಫೋರ್ಸ್ ಇಂಡಿಯಾ ತಂಡಕ್ಕೆ. 2009ರ ಆಗಸ್ಟ್ 30ರಂದು ಬೆಲ್ಜಿಯಂನ ಸ್ಪಾದಲ್ಲಿ ಆ ತಂಡದ ಜಿಯಾನ್‌ಕಾರ್ಲೊ ಫಿಸಿಕೆಲ್ಲಾ ಎಲ್ಲರನ್ನೂ ಅಚ್ಚರಿಗೊಳಿಸಿ ಮೊದಲ ಸ್ಥಾನದಿಂದ ಓಟ ಆರಂಭಿಸಿದರು. ಅವರ ಕಾರಿನಲ್ಲಿ ಕೆಇಆರ್‌ಎಸ್ ಇರಲಿಲ್ಲ, ಫೆರಾರಿಯ ಕಿಮಿ ರೈಕೊನೆನ್ ಅವರ ಕಾರಿನಲ್ಲಿ ಇತ್ತು. ಐದನೆಯ ಸುತ್ತಿನಲ್ಲಿ, ಏರುದಾರಿಯ ಉದ್ದನೆಯ ನೇರ ಓಟದಲ್ಲಿ ರೈಕೊನೆನ್ ಗುಂಡಿ ಒತ್ತಿ ಮುಂದೆ ಹೋದರು. ಉಳಿದ ಓಟವೆಲ್ಲ ಫಿಸಿಕೆಲ್ಲಾ ಅವರ ಬೆನ್ನಿಗೇ ಇದ್ದರು, ಸೋತದ್ದು 0.939 ಸೆಕೆಂಡಿನಿಂದ. ಭಾರತದ ಹೆಸರು ಹೊತ್ತ ತಂಡವೊಂದು ಫಾರ್ಮುಲಾ-1 ಗೆಲುವಿಗೆ ಬಹು ಹತ್ತಿರ ಬಂದದ್ದು ಅಂದು. ಇಬ್ಬರು ಚಾಲಕರ ನಡುವೆ ಅಂದು ಎದ್ದು ಕಂಡ ವ್ಯತ್ಯಾಸ ಆ ಗುಂಡಿಯೇ.

ಕೆಇಆರ್‌ಎಸ್ ತಂಡಗಳ ಆಯ್ಕೆಗೆ ಬಿಟ್ಟದ್ದಾಗಿತ್ತು. 2011ರಲ್ಲಿ ಬಂದ ಡಿಆರ್‌ಎಸ್ ಆ ಬಗೆಯದಲ್ಲ. ಓಟದಲ್ಲಿ ಮುಂದಿನ ಕಾರಿಗಿಂತ ಒಂದು ಸೆಕೆಂಡಿನೊಳಗೆ ಹಿಂದೆ ಇರುವವನಿಗೆ ಮಾತ್ರ, ಗೊತ್ತುಪಡಿಸಿದ ಜಾಗದಲ್ಲಿ ಮಾತ್ರ, ಹಿಂಬದಿಯ ರೆಕ್ಕೆಯ ಪಟ್ಟಿಯನ್ನು ತೆರೆಯುವ ಅವಕಾಶ. ಗಾಳಿಯ ತಡೆ ಕಡಿಮೆಯಾಗಿ ಗಂಟೆಗೆ 10-12 ಕಿಲೋಮೀಟರ್ ವೇಗ ಹೆಚ್ಚುತ್ತದೆ. ಮುಂದಿನವನಿಗೆ ಆ ಅವಕಾಶವಿಲ್ಲ. ಉದ್ದನೆಯ ನೇರ ದಾರಿಯಿರುವ ಕಡೆ ಇದು ಕೆಲಸ ಮಾಡಿತು; ಕೆಲವೊಮ್ಮೆ ಅತಿಯಾಗಿ ಕೆಲಸ ಮಾಡಿ, ಹೆದ್ದಾರಿಯಲ್ಲಿ ಕಾರು ಲಾರಿಯನ್ನು ದಾಟಿದಷ್ಟೇ ನೀರಸವಾಯಿತು. ಮೊನಾಕೊದಲ್ಲಿ ಮಾತ್ರ ಏನೂ ಗಿಟ್ಟಲಿಲ್ಲ. ಮೊದಲ ವರ್ಷವೇ ಅಲ್ಲಿನ ಸುರಂಗದೊಳಗೆ ಅದರ ಬಳಕೆಯನ್ನು ಸುರಕ್ಷತೆಯ ದೃಷ್ಟಿಯಿಂದ ನಿಷೇಧಿಸಬೇಕಾಯಿತು.

2024ರ ಮೊನಾಕೊ ಓಟದಲ್ಲಿ ಮೊದಲ ಹತ್ತು ಮಂದಿ ಹೊರಟ ಸಾಲಿನಲ್ಲೇ ಓಟ ಮುಗಿಸಿದರು. ಟೀಕೆ ಎದ್ದಿತು. 2025ರಲ್ಲಿ ಎಲ್ಲರೂ ಕನಿಷ್ಠ ಎರಡು ಬಾರಿ ಟೈರು ಬದಲಿಸಲು ನಿಲ್ಲಲೇಬೇಕೆಂಬ ನಿಯಮ ತಂದರು. ಆದದ್ದೇನು? ಕೆಲವು ತಂಡಗಳು ತಮ್ಮ ಒಬ್ಬ ಚಾಲಕನನ್ನು ಬೇಕೆಂದೇ ನಿಧಾನವಾಗಿ ಓಡಿಸಿ, ಹಿಂದಿನವರನ್ನೆಲ್ಲ ತಡೆದು, ಇನ್ನೊಬ್ಬನಿಗೆ ಟೈರು ಬದಲಿಸಲು ಬೇಕಾದ ಸಮಯ ಮಾಡಿಕೊಟ್ಟವು. ದಾಟುವುದನ್ನು ಸುಲಭ ಮಾಡಲು ತಂದ ನಿಯಮ ದಾಟಲಾಗದಿರುವುದನ್ನೇ ಬಂಡವಾಳ ಮಾಡಿಕೊಟ್ಟಿತು. ಮೊದಲ ನಾಲ್ಕು ಸ್ಥಾನಗಳು ಹೊರಟ ಸಾಲಿನಂತೆಯೇ ಉಳಿದವು. 2026ರ ಹೊಸ ನಿಯಮಗಳು ಡಿಆರ್‌ಎಸ್ ಅನ್ನು ಕೈಬಿಟ್ಟಿವೆ. ಮುಂದೆ ಹಿಂದೆ ಎನ್ನದೆ ಎಲ್ಲರ ರೆಕ್ಕೆಗಳೂ ನೇರ ದಾರಿಯಲ್ಲಿ ತೆರೆದುಕೊಳ್ಳುತ್ತವೆ. ಒಂದು ಸೆಕೆಂಡಿನೊಳಗೆ ಹಿಂದಿರುವವನಿಗೆ ಹೆಚ್ಚುವರಿ ವಿದ್ಯುತ್ ಬಲ ಸಿಗುತ್ತದೆ. ಹೆಸರು ಬದಲಾದರೂ ಹಿಂದಿನವನಿಗೆ ಬಲ ಕೊಡುವ ತತ್ವ ಹಳೆಯದೇ. ಕಾರಿನ ಅಗಲವನ್ನು 2 ಮೀಟರಿನಿಂದ 1.9 ಮೀಟರಿಗೆ ಇಳಿಸಿರುವುದು ಮಾತ್ರ ಜಾಗದ ಕೊರತೆಯನ್ನು ಕಂಡುಕೊಂಡ ಬದಲಾವಣೆ.

ಬೆಲೆ ತೆತ್ತು ಪಡೆದ ನೆರವು

ವಿದ್ಯುತ್ ಕಾರುಗಳ ಫಾರ್ಮುಲಾ-ಇ ಸರಣಿ 2014ರಲ್ಲಿ ಆರಂಭವಾದಾಗಿನಿಂದ ಹೆಚ್ಚಾಗಿ ನಗರದ ಬೀದಿಗಳಲ್ಲೇ ನಡೆದುಬಂದಿದೆ. ಅದು ಎರಡು ಬಗೆಯ ನೆರವುಗಳನ್ನು ಪ್ರಯೋಗಿಸಿ ನೋಡಿತು. ಮೊದಲನೆಯದು ‘ಫ್ಯಾನ್‌ಬೂಸ್ಟ್’. ಅಭಿಮಾನಿಗಳ ಮತ ಹೆಚ್ಚು ಪಡೆದ ಚಾಲಕರಿಗೆ ಓಟದಲ್ಲಿ ಕೊಂಚ ಹೆಚ್ಚು ಶಕ್ತಿ! ಜನಪ್ರಿಯತೆಯಿಂದ ವೇಗ ಸಿಗುವ ಈ ಏರ್ಪಾಟು 2022ರವರೆಗೆ ನಡೆದು ನಿಂತಿತು.

ಎರಡನೆಯದು 2018-19ರ ಋತುವಿನಲ್ಲಿ ಬಂದ ‘ಅಟ್ಯಾಕ್ ಮೋಡ್’. ಹೆಚ್ಚುವರಿ ಬಲ ಬೇಕೆನ್ನುವ ಚಾಲಕ, ತಿರುವೊಂದರ ಹೊರ ಅಂಚಿನಲ್ಲಿ ಗುರುತು ಮಾಡಿದ ಜಾಗದ ಮೇಲೆ ಹಾದು ಹೋಗಬೇಕು. ಅದು ವೇಗದ ದಾರಿಯಲ್ಲ. ಹಾಗೆ ಹೊರಗೆ ಹೋದಾಗ ಸಮಯ ನಷ್ಟವಾಗುತ್ತದೆ, ಹಿಂದಿನವನು ಒಳಗಿನಿಂದ ದಾಟಿಬಿಡಲೂಬಹುದು. ಆ ಬೆಲೆ ತೆತ್ತವನಿಗೆ ಕೆಲವು ನಿಮಿಷ ಕಾಲ ಹೆಚ್ಚಿನ ಶಕ್ತಿ; 2023ರ ಕಾರುಗಳಲ್ಲಿ 300 ಕಿಲೋವಾಟ್ ಇದ್ದದ್ದು 350 ಆಗುತ್ತಿತ್ತು. ಮುಂದಿರುವವನಿಗೂ ಹಿಂದಿರುವವನಿಗೂ ಇದು ಸಮಾನ. ಯಾವಾಗ ಹೋಗಬೇಕೆಂಬ ಲೆಕ್ಕಾಚಾರ ಚಾಲಕನದು.

2023ರ ಫೆಬ್ರುವರಿ 11ರಂದು ಈ ಓಟ ಹೈದರಾಬಾದಿಗೂ ಬಂತು. ಹುಸೇನ್ ಸಾಗರದ ದಂಡೆಯ ರಸ್ತೆಗಳಲ್ಲಿ 18 ತಿರುವುಗಳ, 2.83 ಕಿಲೋಮೀಟರ್ ಸುತ್ತು. ಫ್ರಾನ್ಸಿನ ಜೀನ್-ಎರಿಕ್ ವೆರ್ನ್ ಗೆದ್ದರು. ಕೊನೆಯ ಸುತ್ತುಗಳಲ್ಲಿ ಅವರ ಬ್ಯಾಟರಿಯಲ್ಲಿ ಹಿಂದಿದ್ದ ನಿಕ್ ಕ್ಯಾಸಿಡಿ ಅವರದಕ್ಕಿಂತ ಕಡಿಮೆ ಶಕ್ತಿ ಉಳಿದಿತ್ತು. ಆದರೂ ತಿರುವುಗಳಲ್ಲಿ ಜಾಗ ಬಿಡದೆ ತಡೆದು ನಿಂತರು. ಅದೇ ಕ್ಯಾಸಿಡಿ ಆ ವರ್ಷದ ಮೊನಾಕೊ ಓಟದಲ್ಲಿ ಒಂಬತ್ತನೆಯವರಾಗಿ ಹೊರಟು ಮೊದಲಿಗರಾಗಿ ಬಂದರು. ಮೊನಾಕೊದ ಬೀದಿ ಅದೇ, ಗೋಡೆಗಳೂ ಅವೇ. ಹಾಗಾದರೆ ಬದಲಾದದ್ದೇನು? ಫಾರ್ಮುಲಾ-ಇ ಕಾರಿನ ಅಗಲ 1.7 ಮೀಟರ್, ಆಗಿನ ಫಾರ್ಮುಲಾ-1 ಕಾರಿನದು 2 ಮೀಟರ್. ರೆಕ್ಕೆಗಳ ಅವಲಂಬನೆ ಕಡಿಮೆ. ಬ್ಯಾಟರಿಯ ಶಕ್ತಿಯನ್ನು ಕೊನೆಯವರೆಗೆ ಉಳಿಸಬೇಕಾದ್ದರಿಂದ, ಎದುರು ಗಾಳಿ ಸೀಳುತ್ತಾ ಸದಾ ಮುಂದೆಯೇ ಇರುವುದು ನಷ್ಟದ ಬಾಬತ್ತು. ಅಂದರೆ ಓಟದ ರೂಪವನ್ನೇ ಬೀದಿಗೆ ತಕ್ಕಂತೆ ಮಾಡಲಾಗಿದೆ. ಅಟ್ಯಾಕ್ ಮೋಡ್ ಆ ರೂಪದ ಒಂದು ಅಂಗ ಮಾತ್ರ.

ಯಾವುದು ಸಲ್ಲುತ್ತದೆ?

ಇಷ್ಟೆಲ್ಲ ನೋಡಿದ ಮೇಲೆ ನೆರವು ಬೇಕೇ ಬೇಡವೇ ಎಂಬ ಪ್ರಶ್ನೆಯನ್ನು ಕೊಂಚ ತಿದ್ದಿ ಕೇಳಬೇಕೆನಿಸುತ್ತದೆ. ಯಾವುದೇ ನೆರವು ಬಂದಾಗ ಅದು ಜಾಗ ಕೊಡುತ್ತದೆಯೋ ಬರಿಯ ವೇಗ ಕೊಡುತ್ತದೆಯೋ ಎಂದು ಮೊದಲು ಕೇಳಬೇಕು. ಅದರ ಬೆಲೆ ತೆರುವವರು ಯಾರು ಎಂದು ಆಮೇಲೆ ಕೇಳಬೇಕು.

ಡಿಆರ್‌ಎಸ್‌ನಂಥ ನೆರವು ಬರಿಯ ವೇಗ ಕೊಡುತ್ತದೆ, ಬೆಲೆಯನ್ನು ಮುಂದಿನವನಿಂದ ವಸೂಲು ಮಾಡುತ್ತದೆ. ಉದ್ದ ಅಗಲದ ಓಟದ ಪಥದಲ್ಲಿ, ಕಲಕಿದ ಗಾಳಿಯಿಂದಾದ ನಷ್ಟಕ್ಕೆ ಪರಿಹಾರವೆಂದು ಅದನ್ನು ಒಪ್ಪಬಹುದು. ಇಕ್ಕಟ್ಟಿನ ಬೀದಿಯಲ್ಲಿ ಅದು ಸಲ್ಲದು. ಕೆಲಸ ಮಾಡದಿದ್ದರೆ ವ್ಯರ್ಥ. ಕೆಲಸ ಮಾಡಿದರೆ ಎರಡು ಕಾರುಗಳ ವೇಗದ ಅಂತರವನ್ನು ಗೋಡೆಯ ಪಕ್ಕದಲ್ಲಿ ಹೆಚ್ಚಿಸಿದಂತೆ. ಸರಿದುಕೊಳ್ಳಲು ಜಾಗವಿಲ್ಲದ ಕಡೆ ಅದು ಅಪಾಯ. ಅಟ್ಯಾಕ್ ಮೋಡ್‌ನಂಥದ್ದರಲ್ಲಿ ಬೆಲೆ ತೆರುವವನು ಪಡೆಯುವವನೇ. ಅದು ಚಾಲಕನ ಜಾಣತನವನ್ನು ಪರೀಕ್ಷಿಸುತ್ತದೆ, ಆದ್ದರಿಂದ ಬೀದಿಗೆ ಹೊಂದುತ್ತದೆ. ಸಾಲು ತಿರುಗಿಸುವ ನಿಯಮವೂ ಹೀಗೆಯೇ. ಅದು ಹತ್ತನೆಯವನಿಗೆ ಅವಕಾಶ ಕೊಡುತ್ತದೆ, ಗೆಲುವನ್ನು ಕೊಡುವುದಿಲ್ಲ. ಓಟ ಮುಗಿಯುವವರೆಗೂ ಗೋಡೆಗೆ ತಾಗದೆ, ತಪ್ಪದೆ ಓಡಿಸುವ ಕೆಲಸ ಚಾಲಕನಿಗೇ ಉಳಿಯುತ್ತದೆ. ಮೈನಿ ಮಾಡಿದ್ದು ಅದನ್ನೇ.

ಓವರ್‌ಟೇಕ್ ಇಲ್ಲದಿದ್ದರೆ ಓಟವೇ ಅಲ್ಲ ಎಂಬ ಮಾತನ್ನೂ ಪೂರ್ತಿ ಒಪ್ಪಲಾಗದು. 1992ರಲ್ಲಿ ಜನ ಉಸಿರು ಬಿಗಿಹಿಡಿದು ನೋಡಿದ್ದು ದಾಟುವುದನ್ನಲ್ಲ, ತಡೆಯುವುದನ್ನು. ಆದರೆ ಪ್ರತಿ ವರ್ಷ ಸೆನ್ನಾ-ಮ್ಯಾನ್ಸೆಲ್ ಜೋಡಿ ಸಿಗುವುದಿಲ್ಲ. ಬರಿಯ ಮೆರವಣಿಗೆಯನ್ನು ನೋಡಲು ಜನ ಟಿಕೆಟ್ ಕೊಳ್ಳುವುದಿಲ್ಲ.

ಇದು ನಮ್ಮ ನಗರಗಳು ಯೋಚಿಸಬೇಕಾದ ವಿಷಯ. ಹೈದರಾಬಾದಿನ ಬಳಿಕ ಚೆನ್ನೈನಲ್ಲಿ 2024ರ ಆಗಸ್ಟ್ ಕೊನೆಯಲ್ಲಿ ಐಲ್ಯಾಂಡ್ ಗ್ರೌಂಡ್ಸ್ ಸುತ್ತ ರಾತ್ರಿಯ ಬೀದಿ ಓಟ ನಡೆಯಿತು. ಬೀದಿ ಓಟವೆಂದರೆ ದಿನಗಟ್ಟಲೆ ಸಂಚಾರ ಬದಲಿಸಬೇಕು, ತಡೆಗೋಡೆ ಹಾಕಬೇಕು, ರಸ್ತೆ ಸರಿಪಡಿಸಬೇಕು. ಊರಿನವರೆಲ್ಲ ಅದರ ತೊಂದರೆ ಹೊರಬೇಕು. ಇಷ್ಟೆಲ್ಲ ಮಾಡಿದ ಮೇಲೆ ಕಾರುಗಳು ಒಂದರ ಹಿಂದೊಂದು ಸುತ್ತುವುದಾದರೆ ಯಾರಿಗೂ ಸುಖವಿಲ್ಲ. ಆಮೇಲೆ ಯಂತ್ರದ ನೆರವಿನಿಂದ ರಿಪೇರಿ ಮಾಡುವ ಬದಲು ಸುತ್ತಿನ ನಕ್ಷೆ ಬರೆಯುವಾಗಲೇ ಯೋಚಿಸುವುದು ಲೇಸು. ಎರಡು ಕಾರುಗಳು ಜೊತೆಯಾಗಿ ಬ್ರೇಕ್ ಹಾಕಬಲ್ಲಷ್ಟು ಅಗಲವಾದ ಒಂದಾದರೂ ತಿರುವು, ಅದಕ್ಕೆ ಮೊದಲು ಸಾಕಷ್ಟು ಉದ್ದದ ನೇರ ದಾರಿ ಇರಬೇಕು. ಬೀದಿಗೆ ಹಿಡಿಸುವ ಗಾತ್ರದ ಕಾರುಗಳನ್ನೇ ಕರೆಯಬೇಕು. ಅದೂ ಸಾಧ್ಯವಿಲ್ಲದ ಊರಿನಲ್ಲಿ ಗಡಿಯಾರವನ್ನು ನಂಬಬಹುದು. ಒಬ್ಬೊಬ್ಬರನ್ನೇ ಬಿಟ್ಟು ಹೊತ್ತು ಎಣಿಸಬಹುದು.

ಮಲೆನಾಡಿನ ಹಳೆಯ ಬಸ್ ಚಾಲಕರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮುಂದೆ ಲಾರಿ ಸಿಕ್ಕಾಗ ಅವರು ಆಕ್ಸಿಲರೇಟರ್ ಒತ್ತುವುದಿಲ್ಲ. ಹಾರನ್ ಒಮ್ಮೆ ಮಾಡಿ, ರಸ್ತೆ ಅಗಲವಾಗುವ ತಿರುವು ಬರುವವರೆಗೆ ಕಾಯುತ್ತಾರೆ.